ಪರಮಾಣು ಸ್ಥಾವರಕ್ಕೆ ತಕ್ಕ ನೆಲ ಯಾವುದು?

ಮನೆ ಕಟ್ಟಬೇಕೆನ್ನುವವನು ಮೊದಲು ನೆಲವನ್ನು ನೋಡುತ್ತಾನೆ. ಮಣ್ಣು ಗಟ್ಟಿಯಾದುದೆ, ಕುಡಿಯುವ ನೀರು ಹತ್ತಿರವಿದೆಯೆ, ಮಳೆಗಾಲದಲ್ಲಿ ಹಳ್ಳದ ನೀರು ಅಂಗಳಕ್ಕೆ ನುಗ್ಗುವುದೆ ಎಂದು ಊರಿನ ಹಿರಿಯರನ್ನು ವಿಚಾರಿಸುತ್ತಾನೆ. ಒಂದು ಸಂಸಾರ ವಾಸಿಸುವ ಮನೆಗೇ ಇಷ್ಟು ವಿಚಾರ ಬೇಕಾದರೆ, ಲಕ್ಷಾಂತರ ಮನೆಗಳಿಗೆ ಬೆಳಕು ನೀಡುತ್ತ ಹತ್ತಾರು ವರ್ಷ ನಡೆಯಬೇಕಾದ ಪರಮಾಣು ವಿದ್ಯುತ್ ಸ್ಥಾವರಕ್ಕೆ ಎಷ್ಟು ಬೇಡ!

ಬ್ರಿಟನ್ ದೇಶವು ೨೦೧೧ರಲ್ಲಿ ಈ ಪ್ರಶ್ನೆಯನ್ನು ಒಂದು ಪಟ್ಟಿಯ ಮೂಲಕ ಬಗೆಹರಿಸಿಕೊಂಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಎಂಟು ಸ್ಥಳಗಳನ್ನು ಹೆಸರಿಸಿ, ಹೊಸ ಪರಮಾಣು ಸ್ಥಾವರಗಳಿಗೆ ತಕ್ಕ ನೆಲಗಳು ಇವು ಎಂದು ಸರ್ಕಾರ ಗೊತ್ತುಮಾಡಿತು. ೨೦೨೫ರ ಫೆಬ್ರವರಿ ೬ರಂದು ಅದೇ ದೇಶದ ಸರ್ಕಾರ ಈ ಪಟ್ಟಿಯನ್ನು ಕೈಬಿಡುವುದಾಗಿ ಸಾರಿತು. ಎಂಟೇ ಸ್ಥಳಗಳೆಂಬ ಕಟ್ಟು ಇನ್ನಿರದು. ಗೊತ್ತಾದ ಮಾನದಂಡಗಳಿಗೆ ಒಪ್ಪುವ ಯಾವ ನೆಲಕ್ಕಾದರೂ ಅನುಮತಿಯನ್ನು ಕೇಳಬಹುದು ಎಂಬುದು ಹೊಸ ನೀತಿಯ ಸಾರಾಂಶ. ಇದನ್ನು ಬಿಡುಗಡೆಯೆಂದು ಹೊಗಳಿದವರುಂಟು. ಕಾವಲನ್ನು ತೆಗೆದಂತಾಯಿತೆಂದು ಅಂಜಿದವರೂ ಉಂಟು. ಯಾರ ಮಾತು ಸರಿ? ಇದನ್ನು ತಿಳಿಯಬೇಕಾದರೆ ರಾಜಕೀಯವನ್ನು ಸ್ವಲ್ಪ ಹೊತ್ತು ಬದಿಗಿರಿಸಿ, ಪರಮಾಣು ಸ್ಥಾವರಕ್ಕೆ ವಿಶೇಷವಾದ ನೆಲವೇ ಏಕೆ ಬೇಕೆಂಬ ಭೌತಶಾಸ್ತ್ರದ ಪ್ರಶ್ನೆಯಿಂದ ನಾವು ಹೊರಡಬೇಕು.

ಆರಿಸಿದರೂ ಆರದ ಒಲೆ

ಒಲೆಯಿಂದ ಸೌದೆಯನ್ನು ಎಳೆದುಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಒಲೆ ತಣ್ಣಗಾಗುತ್ತದೆ. ಪರಮಾಣು ರಿಯಾಕ್ಟರಿನ ಸ್ವಭಾವ ಬೇರೆ. ಯುರೇನಿಯಂ ೨೩೫ರ ಬೀಜವು ಒಂದು ನ್ಯೂಟ್ರಾನನ್ನು ನುಂಗಿ ಎರಡಾಗಿ ಒಡೆಯುವಾಗ ಸುಮಾರು ೨೦೦ ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬೀಳುತ್ತದೆ. ಇದರ ಬಹುಪಾಲು ಆ ಕ್ಷಣದಲ್ಲಿಯೇ ಶಾಖವಾಗುತ್ತದೆ. ಆದರೆ ಒಡೆದ ತುಂಡುಗಳು ಸ್ಥಿರವಾದ ಬೀಜಗಳಲ್ಲ. ಅವು ಬೀಟಾ ಕಣಗಳನ್ನೂ ಗಾಮಾ ಕಿರಣಗಳನ್ನೂ ಸೂಸುತ್ತ, ಕೆಲವು ಸೆಕೆಂಡುಗಳಲ್ಲಿ, ಕೆಲವು ದಿನಗಳಲ್ಲಿ, ಮತ್ತೆ ಕೆಲವು ಎಷ್ಟೋ ವರ್ಷಗಳಲ್ಲಿ ಸ್ಥಿರತೆಗೆ ಬರುತ್ತವೆ. ನಿಯಂತ್ರಕ ದಂಡಗಳನ್ನು ಇಳಿಸಿ ಸರಪಳಿ ಕ್ರಿಯೆಯನ್ನು ನಿಲ್ಲಿಸಬಹುದು. ಈ ತುಂಡುಗಳ ಕ್ಷಯವನ್ನು ನಿಲ್ಲಿಸುವ ಗುಂಡಿ ಯಾವ ರಿಯಾಕ್ಟರಿನಲ್ಲಿಯೂ ಇಲ್ಲ.

ಹೀಗೆ ಉಳಿದುಬರುವ ಶಾಖವು ಎಷ್ಟು? ೩,೦೦೦ ಮೆಗಾವ್ಯಾಟ್ ಶಾಖವನ್ನು ಉತ್ಪತ್ತಿಮಾಡುವ ರಿಯಾಕ್ಟರೊಂದನ್ನು ತೆಗೆದುಕೊಳ್ಳೋಣ. ಇದರಿಂದ ಸುಮಾರು ೧,೦೦೦ ಮೆಗಾವ್ಯಾಟ್ ವಿದ್ಯುತ್ತು ದೊರೆಯುತ್ತದೆ. ಬಹುಕಾಲ ನಡೆದ ಇಂಥ ರಿಯಾಕ್ಟರನ್ನು ನಿಲ್ಲಿಸಿದ ಕ್ಷಣದಲ್ಲಿ ಮೊದಲಿನ ಶಾಖದಲ್ಲಿ ನೂರಕ್ಕೆ ಆರೇಳು ಪಾಲು, ಎಂದರೆ ೨೦೦ ಮೆಗಾವ್ಯಾಟಿನಷ್ಟು, ಇನ್ನೂ ಹುಟ್ಟುತ್ತಿರುತ್ತದೆ. ಒಂದು ಗಂಟೆಯ ಮೇಲೆ ಇದು ಸುಮಾರು ೪೫ ಮೆಗಾವ್ಯಾಟಿಗೂ, ಒಂದು ದಿನದ ಮೇಲೆ ಸುಮಾರು ೧೫ ಮೆಗಾವ್ಯಾಟಿಗೂ ಇಳಿಯುತ್ತದೆ. ಹದಿನೈದು ಎಂದರೆ ಅಲ್ಪವೆಂದು ತೋರಬಹುದು. ಆದರೆ ಮಾರನೆಯ ದಿನದ ಆ ಶಾಖವನ್ನು ನೀರು ಕುದಿಸಿಯೇ ಕಳೆಯಬೇಕಾದರೆ, ೩೦ ಡಿಗ್ರಿ ಉಷ್ಣತೆಯ ನೀರು ದಿನವೊಂದಕ್ಕೆ ಸುಮಾರು ೫೦೦ ಟನ್ನು ಬೇಕು. ನಮ್ಮ ಬೀದಿಗಳಲ್ಲಿ ಓಡಾಡುವ ಹನ್ನೆರಡು ಸಾವಿರ ಲೀಟರಿನ ನೀರಿನ ಲಾರಿ ನಲವತ್ತಕ್ಕೂ ಹೆಚ್ಚು ಸಲ ಬಂದು ಹೋಗಬೇಕು! ವಿದ್ಯಾರ್ಥಿಗಳು ನೀರಿನ ವಿಶಿಷ್ಟೋಷ್ಣವನ್ನೂ ಗುಪ್ತೋಷ್ಣವನ್ನೂ ಹಿಡಿದು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು.

ಈ ಶಾಖವನ್ನು ಸಾಗಿಸುವ ಏರ್ಪಾಡು ತಪ್ಪಿದರೆ ಏನಾಗುವುದೆಂಬುದನ್ನು ಜಪಾನಿನ ಫುಕುಶಿಮಾ ದಾಯಿಚಿ ಸ್ಥಾವರವು ೨೦೧೧ರ ಮಾರ್ಚ್ ೧೧ರಂದು ಜಗತ್ತಿಗೆ ತೋರಿಸಿತು. ಭೂಕಂಪವಾದೊಡನೆ ಅಲ್ಲಿ ನಡೆಯುತ್ತಿದ್ದ ರಿಯಾಕ್ಟರುಗಳು ತಾವಾಗಿಯೇ ನಿಂತವು. ಹೊರಗಿನ ವಿದ್ಯುತ್ತು ತಪ್ಪಿದಾಗ ಡೀಸೆಲ್ ಯಂತ್ರಗಳು ಚಾಲೂ ಆದವು. ಒಂದು ಗಂಟೆ ತುಂಬುವುದರೊಳಗೆ ಬಂದ ಸುನಾಮಿ ಅವುಗಳನ್ನು ಮುಳುಗಿಸಿತು. ಪಂಪುಗಳು ನಿಂತವು, ಮೂರು ರಿಯಾಕ್ಟರುಗಳ ಇಂಧನ ಕರಗಿತು.

ಇಲ್ಲಿ ನೆಲದ ಪಾತ್ರವೇನು? ಆ ಸ್ಥಳದಲ್ಲಿ ಮೊದಲು ಸುಮಾರು ೩೫ ಮೀಟರ್ ಎತ್ತರದ ದಿಬ್ಬವಿದ್ದಿತು. ಗಟ್ಟಿ ಬಂಡೆಯ ಮೇಲೆ ತಳಹದಿ ದೊರೆಯಲೆಂದೂ, ಕಡಲ ನೀರನ್ನು ಮೇಲೆತ್ತುವ ಖರ್ಚು ತಗ್ಗಲೆಂದೂ ಅದನ್ನು ಕಡಿದು, ರಿಯಾಕ್ಟರುಗಳನ್ನು ಕಡಲಮಟ್ಟದಿಂದ ಸುಮಾರು ೧೦ ಮೀಟರ್ ಎತ್ತರದಲ್ಲಿ ಕಟ್ಟಿದರು. ಅಲ್ಲಿಗೆ ಬಂದ ನೀರು ೧೪–೧೫ ಮೀಟರ್ ಎತ್ತರಕ್ಕೆ ಏರಿತು. ಅದೇ ಕರಾವಳಿಯ ಓನಗಾವಾ ಸ್ಥಾವರವು ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರದಲ್ಲಿದ್ದಿತು. ಅಲ್ಲಿಗೂ ಸುಮಾರು ೧೩ ಮೀಟರ್ ಎತ್ತರದ ಅಲೆ ಬಂದಿತು. ಆದರೆ ಆ ಸ್ಥಾವರವನ್ನು ಕಟ್ಟಿದವರು ೧೪.೮ ಮೀಟರ್ ಎತ್ತರದ ನೆಲವನ್ನು ಆರಿಸಿಕೊಂಡಿದ್ದರು; ಅದರ ರಿಯಾಕ್ಟರುಗಳು ಕ್ಷೇಮವಾಗಿ ತಣ್ಣಗಾದವು. ಒಂದೇ ಕಡಲು, ಒಂದೇ ಭೂಕಂಪ. ಫಲಗಳು ಇಷ್ಟು ಬೇರೆಯಾಗುವುದರಲ್ಲಿ ನಾಲ್ಕೈದು ಮೀಟರಿನ ಎತ್ತರದ ಪಾಲು ದೊಡ್ಡದು.

ಕಡಲಂಚನ್ನೇ ಏಕೆ ಹುಡುಕುತ್ತಾರೆ?

ಹಾಗಾದರೆ ಕಡಲಿನ ಸಹವಾಸವೇ ಬೇಡವೆಂದು ಓದುಗರು ಹೇಳಬಹುದು. ಆದರೆ ಸ್ಥಾವರವು ಎಂದಿನಂತೆ ನಡೆಯುತ್ತಿರುವಾಗಲೂ ನೀರು ಬೇಕು. ಮೇಲೆ ಹೇಳಿದ ೩,೦೦೦ ಮೆಗಾವ್ಯಾಟಿನಲ್ಲಿ ವಿದ್ಯುತ್ತಾಗುವುದು ೧,೦೦೦ ಮಾತ್ರ. ಉಳಿದ ೨,೦೦೦ ಮೆಗಾವ್ಯಾಟನ್ನು, ಉಷ್ಣಗತಿಶಾಸ್ತ್ರದ ಎರಡನೆಯ ನಿಯಮಕ್ಕೆ ತಲೆಬಾಗಿ, ಹೊರಗೆ ಚೆಲ್ಲಲೇಬೇಕು. ಹಾಯುವ ನೀರು ೧೦ ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದಾದರೆ ಸೆಕೆಂಡಿಗೆ ಸುಮಾರು ೪೮ ಘನ ಮೀಟರ್ ನೀರು ಹರಿಯಬೇಕಾಗುತ್ತದೆ. ಎಂದರೆ, ಆ ನೀರಿನ ಲಾರಿಗಳು ಸೆಕೆಂಡಿಗೆ ನಾಲ್ಕರಂತೆ ಹಗಲಿರುಳು ಬರಿದಾಗುತ್ತಿರಬೇಕು. ಇಷ್ಟು ನೀರನ್ನು ಸುಲಭವಾಗಿ ಕೊಟ್ಟು ಮರಳಿ ತೆಗೆದುಕೊಳ್ಳಬಲ್ಲದ್ದು ಕಡಲು, ಇಲ್ಲವೆ ದೊಡ್ಡ ಅಳಿವೆ. ಬ್ರಿಟನ್ನಿನ ಎಂಟು ಸ್ಥಳಗಳೂ ನೀರಿನಂಚಿನಲ್ಲಿ ಸಾಲುಗಟ್ಟಿರುವುದಕ್ಕೆ ಇದೇ ಮುಖ್ಯ ಕಾರಣ.

ತಣಿಸುವ ಗೋಪುರಗಳನ್ನು ಕಟ್ಟಿ, ನೀರಿನ ಒಂದಂಶವನ್ನು ಆವಿಯಾಗಿಸಿ ಶಾಖವನ್ನು ಗಾಳಿಗೆ ಬಿಡುವ ದಾರಿಯೂ ಇದೆ. ಆಗ ಸೆಕೆಂಡಿಗೆ ಒಂದು ಘನ ಮೀಟರಿನೊಳಗಿನ ನೀರು ಆವಿಯಾಗಿ ಕಳೆಯುತ್ತದೆ. ಬೇಕಾಗುವ ನೀರು ಬಹಳ ತಗ್ಗಿದರೂ ಆವಿಯಾದ ನೀರು ಹೊಳೆಗೆ ಮರಳುವುದಿಲ್ಲ. ಬೇಸಗೆಯಲ್ಲಿ ಬಡಕಲಾಗುವ ಹೊಳೆಗೆ ಅದೂ ಹೊರೆಯೇ. ಕಡಲಿಗಾದರೋ ಅದರದೇ ಆದ ಕಾಟವಿದೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸೈಜ಼್‌ವೆಲ್ ಈ ಎಂಟರಲ್ಲಿ ಒಂದು. ಅದರ ಉತ್ತರಕ್ಕೆ ಕೆಲವೇ ಮೈಲಿಗಳಲ್ಲಿ ಡನಿಚ್ ಎಂಬ ಊರಿದೆ. ಮಧ್ಯಯುಗದಲ್ಲಿ ಸಮೃದ್ಧ ಬಂದರಾಗಿದ್ದ ಆ ಪಟ್ಟಣದ ಬಹುಭಾಗವನ್ನು ಕಡಲು ಶತಮಾನಗಳಲ್ಲಿ ಕೊರೆದು ನುಂಗಿಬಿಟ್ಟಿದೆ. ಅಂಥ ದಂಡೆಯಲ್ಲಿ ಕಟ್ಟುವವರು ಇಂದಿನ ಕಡಲನ್ನಲ್ಲದೆ ನೂರು ವರ್ಷದ ಮೇಲಿನ ಕಡಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಾಳಿ, ಹುಲ್ಲು, ಹಾಲು

ನೆಲದ ಆಯ್ಕೆಯ ಮೂರನೆಯ ಅಂಶ ಸುತ್ತಣ ಜನವಸತಿ. ಬ್ರಿಟನ್ ಇದನ್ನು ತನ್ನ ಮನೆಯಂಗಳದಲ್ಲಿಯೇ ಕಲಿತಿತು. ೧೯೫೬ರ ಅಕ್ಟೋಬರ್ ೧೭ರಂದು ರಾಣಿ ಎರಡನೆಯ ಎಲಿಜ಼ಬೆತ್ ವಾಯವ್ಯ ಇಂಗ್ಲೆಂಡಿನ ಕಾಲ್ಡರ್ ಹಾಲ್ ಸ್ಥಾವರವನ್ನು ತೆರೆದಳು. ವರ್ಷ ಕಳೆಯುವಷ್ಟರಲ್ಲಿ, ೧೯೫೭ರ ಅಕ್ಟೋಬರ್ ೧೦ರಂದು, ಅದರ ನೆರೆಯಲ್ಲಿಯೇ ಇದ್ದ ವಿಂಡ್‌ಸ್ಕೇಲಿನ ಒಂದು ರಿಯಾಕ್ಟರಿನಲ್ಲಿ ಬೆಂಕಿ ಕಂಡುಬಂದಿತು. ಅದು ಪ್ಲುಟೋನಿಯಂ ತಯಾರಿಸಲು ಕಟ್ಟಿದ್ದು. ಗಾಳಿಯಿಂದಲೇ ಅದನ್ನು ತಣಿಸುತ್ತಿದ್ದರು. ಚಿಮಣಿಯ ತುದಿಯಲ್ಲಿ ಸೋಸುವ ಪದರಗಳನ್ನು ಇಡಬೇಕೆಂದು ವಿಜ್ಞಾನಿ ಜಾನ್ ಕಾಕ್‌ಕ್ರಾಫ್ಟ್ ಹಟಹಿಡಿದಿದ್ದರು. ಆ ದಿನದವರೆಗೆ ಹಲವರ ನಗೆಗೆ ಗುರಿಯಾಗಿದ್ದ ಆ ಪದರಗಳು ವಿಷದ ದೊಡ್ಡ ಪಾಲನ್ನು ತಡೆದವು. ಆದರೂ ಅಯೊಡೀನ್ ೧೩೧ ಎಂಬ ವಿಕಿರಣಪಟು ವಸ್ತು ಗಾಳಿಗೆ ಸೇರಿತು.

ಮುಂದಿನದು ಸರಪಳಿಯಂತೆ ನಡೆಯುತ್ತದೆ. ಗಾಳಿಯಲ್ಲಿರುವ ಅಯೊಡೀನು ಹುಲ್ಲಿನ ಮೇಲೆ ಕುಳಿತುಕೊಳ್ಳುತ್ತದೆ. ಹುಲ್ಲು ಮೇದ ಹಸುವಿನ ಹಾಲಿಗೆ ಬರುತ್ತದೆ. ಹಾಲು ಕುಡಿದ ಮಗುವಿನ ಥೈರಾಯ್ಡ್ ಗ್ರಂಥಿಯಲ್ಲಿ ಶೇಖರವಾಗುತ್ತದೆ. ಅದರ ಅರ್ಧಾಯು ಎಂಟು ದಿನ. ಆದುದರಿಂದ ಕೆಲವು ವಾರಗಳು ಆ ಹಾಲನ್ನು ಕುಡಿಯದಿದ್ದರೆ ಅಪಾಯ ಬಹುಮಟ್ಟಿಗೆ ಕಳೆಯುತ್ತದೆ. ಸುಮಾರು ೫೦೦ ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಅಧಿಕಾರಿಗಳು ಚೆಲ್ಲಿಸಿದರು. ಸುತ್ತಲೂ ದೊಡ್ಡ ನಗರವಿದ್ದಿದ್ದರೆ ಈ ಕೆಲಸ ಎಷ್ಟು ಕಠಿನವಾಗುತ್ತಿದ್ದಿತೆಂಬುದನ್ನು ಊಹಿಸಬಹುದು.

ಆರಂಭದ ಸ್ಥಾವರಗಳನ್ನು ದಟ್ಟ ಜನವಸತಿಯಿಂದ ದೂರವಿರಿಸಲು ಇಂಥ ಯೋಚನೆಯೇ ಕಾರಣ. ಆದರೆ ಎಷ್ಟು ದೂರ? ಊಹಿಸಬಹುದಾದ ಅತಿ ದೊಡ್ಡ ಅಪಘಾತವನ್ನು ಹಿಡಿದರೆ ಯಾವ ನೆಲವೂ ಸಾಲದು; ಅಪಘಾತವೇ ಆಗದೆಂದರೆ ಯಾವ ನೆಲವಾದರೂ ಆದೀತು. ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಬ್ರಿಟಿಷ್ ಎಂಜಿನಿಯರ್ ಎಫ್. ಆರ್. ಫಾರ್ಮರ್ ೧೯೬೭ರಲ್ಲಿ ವಿಯೆನ್ನಾದ ಸಮ್ಮೇಳನವೊಂದರಲ್ಲಿ ಮುಂದಿಟ್ಟರು. ಸಣ್ಣದರಿಂದ ದೊಡ್ಡದರವರೆಗೆ ಎಲ್ಲ ಬಗೆಯ ಅಪಘಾತಗಳನ್ನೂ ಪರಿಗಣಿಸಿ, ಪ್ರತಿಯೊಂದೂ ಎಷ್ಟು ಕಾಲಕ್ಕೊಮ್ಮೆ ಸಂಭವಿಸೀತು, ಸಂಭವಿಸಿದರೆ ಎಷ್ಟು ವಿಕಿರಣಪಟು ವಸ್ತು ಹೊರಬಂದೀತು ಎಂಬೆರಡನ್ನೂ ಒಂದೇ ನಕ್ಷೆಯಲ್ಲಿ ಬರೆಯಬೇಕು. ದೊಡ್ಡ ಅಪಘಾತದ ಸಂಭಾವ್ಯತೆ ಅದಕ್ಕೆ ತಕ್ಕಂತೆ ಅತ್ಯಲ್ಪವಾಗಿರಲೇಬೇಕು ಎಂಬುದು ಅವರ ಸೂಚನೆ. ಅದೇ ದಶಕದ ಕೊನೆಯಲ್ಲಿ, ದಪ್ಪ ಕಾಂಕ್ರೀಟಿನ ಪಾತ್ರೆಯೊಳಗೆ ಕಟ್ಟುವ ಹೊಸ ರಿಯಾಕ್ಟರುಗಳಿಗೆ ಪಟ್ಟಣಗಳ ಸಮೀಪದಲ್ಲಿಯೂ ಎಡೆಕೊಡಬಹುದೆಂದು ಬ್ರಿಟನ್ ತೀರ್ಮಾನಿಸಿತು. ಹಾರ್ಟಲ್‌ಪೂಲ್ ಮತ್ತು ಹೇಶಮ್ ಸ್ಥಾವರಗಳು ಹೀಗೆ ಹುಟ್ಟಿದವು. ಸ್ಥಳದ ನಿಯಮ ಸಡಿಲವಾದುದು ಇದೇ ಮೊದಲ ಸಲವಲ್ಲವೆಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ಅಂದು ಸಡಿಲಿಸಿದವರು ಹೊಸ ರಿಯಾಕ್ಟರಿನ ಕಟ್ಟಡವನ್ನು ತೋರಿಸಿ, ಅದಕ್ಕಾಗಿ ಸಡಿಲಿಸುತ್ತಿದ್ದೇವೆಂದು ಕಾರಣವನ್ನು ಕೊಟ್ಟಿದ್ದರು.

ಹನ್ನೊಂದರಿಂದ ಎಂಟಕ್ಕೆ

ಪಟ್ಟಿ ಹುಟ್ಟಿದ ಬಗೆಯನ್ನು ಈಗ ನೋಡೋಣ. ಸೈಜ಼್‌ವೆಲಿನ ಎರಡನೆಯ ಸ್ಥಾವರಕ್ಕೆ ಅನುಮತಿಯನ್ನು ಕೇಳಿದಾಗ, ೧೯೮೩ರ ಜನವರಿಯಿಂದ ೧೯೮೫ರ ಮಾರ್ಚಿಯವರೆಗೆ, ೩೪೦ ದಿನಗಳ ಬಹಿರಂಗ ವಿಚಾರಣೆ ನಡೆಯಿತು. ಅನುಮತಿ ದೊರೆತದ್ದು ೧೯೮೭ರಲ್ಲಿ. ವಿದ್ಯುತ್ತು ಬಂದದ್ದು ೧೯೯೫ರಲ್ಲಿ. ದೇಶಕ್ಕೆ ಪರಮಾಣು ವಿದ್ಯುತ್ತು ಬೇಕೆ ಎಂಬ ಪ್ರಶ್ನೆಯನ್ನೂ, ಈ ದಂಡೆಯ ಮರಳು ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನೂ ಒಂದೇ ವಿಚಾರಣೆಯಲ್ಲಿ ಬಗೆಹರಿಸಲು ಹೋದುದರ ಫಲ ಇದು. ಇವೆರಡನ್ನೂ ಬೇರ್ಪಡಿಸಲೆಂದು ೨೦೦೮ರಲ್ಲಿ ಹೊಸ ಕಾನೂನು ಬಂದಿತು. ಬೇಕೆ ಬೇಡವೆ ಎಂಬ ನೀತಿಯನ್ನು ಸರ್ಕಾರವೂ ಪಾರ್ಲಿಮೆಂಟೂ ಮೊದಲೇ ಗೊತ್ತುಮಾಡುವುದು. ಅನುಮತಿಯ ಹಂತದಲ್ಲಿ ಆ ನೆಲದ ಗುಣದೋಷಗಳನ್ನಷ್ಟೆ ವಿಚಾರಿಸುವುದು.

ಆ ನೀತಿಯ ಅಂಗವಾಗಿ ಸ್ಥಳಗಳ ಶೋಧನೆ ನಡೆಯಿತು. ಹನ್ನೊಂದು ಸ್ಥಳಗಳ ಹೆಸರು ಬಂದವು. ಅವುಗಳಲ್ಲಿ ಡಂಜನೆಸ್ ಬಿದ್ದುಹೋಯಿತು. ಅಲ್ಲಿಯ ಅಪೂರ್ವವಾದ ಬೆಣಚುಕಲ್ಲಿನ ದಂಡೆ ಪ್ರಕೃತಿ ರಕ್ಷಣೆಗೆ ಮೀಸಲಾದುದು. ೨೦೧೦ರಲ್ಲಿ ಕಂಬ್ರಿಯಾ ಪ್ರಾಂತದ ಬ್ರೇಸ್ಟೋನ್ಸ್ ಮತ್ತು ಕರ್ಕ್‌ಸ್ಯಾಂಟನ್ ಸಹ ಹೊರಬಿದ್ದವು. ಉಳಿದವು ಎಂಟು: ಬ್ರ್ಯಾಡ್‌ವೆಲ್, ಹಾರ್ಟಲ್‌ಪೂಲ್, ಹೇಶಮ್, ಹಿಂಕ್ಲಿ ಪಾಯಿಂಟ್, ಓಲ್ಡ್‌ಬರಿ, ಸೆಲ್ಲಫೀಲ್ಡ್, ಸೈಜ಼್‌ವೆಲ್ ಮತ್ತು ವೇಲ್ಸಿನ ವಿಲ್ವಾ. ಫುಕುಶಿಮಾ ದುರಂತದಿಂದ ಕಲಿಯಬೇಕಾದ ಪಾಠಗಳ ಮೊದಲ ವರದಿ ಕೈಗೆ ಬಂದಮೇಲೆ, ೨೦೧೧ರ ಜುಲೈ ತಿಂಗಳಲ್ಲಿ, ಈ ಪಟ್ಟಿ ಜಾರಿಗೆ ಬಂದಿತು. ೨೦೨೫ರ ಅಂತ್ಯದೊಳಗೆ ಸ್ಥಾವರಗಳನ್ನು ಕಟ್ಟಿ ನಡೆಸಲು ತಕ್ಕ ನೆಲಗಳೆಂಬುದು ಅದರ ಒಕ್ಕಣೆ.

ಈ ಎಂಟೂ ಹಳೆಯ ಪರಮಾಣು ಕೇಂದ್ರಗಳ ಮಗ್ಗುಲಿನವೇ. ಇದರಲ್ಲಿ ಅನುಕೂಲವುಂಟು: ವಿದ್ಯುತ್ತನ್ನು ಸಾಗಿಸುವ ತಂತಿಗಳಿವೆ, ಕೆಲಸ ಬಲ್ಲ ಜನರಿದ್ದಾರೆ, ಸುತ್ತಣ ಊರಿನವರಿಗೆ ರೂಢಿಯಾಗಿದೆ. ಆದರೆ ಹಿಂದೊಮ್ಮೆ ಆರಿಸಿದ ನೆಲವೆಂಬುದು, ಇಂದಿಗೂ ಅದೇ ಅತ್ಯುತ್ತಮವೆಂಬುದಕ್ಕೆ ಪ್ರಮಾಣವಾಗಲಾರದು.

ಪಟ್ಟಿಯನ್ನು ಕೈಬಿಟ್ಟುದೇಕೆ?

ಪಟ್ಟಿಗೆ ವಿರುದ್ಧವಾಗಿ ಹೇಳುವ ಕಾರಣಗಳು ಮೂರು. ಮೊದಲನೆಯದು, ಗಡುವು ಮುಗಿಯಿತು. ೨೦೨೫ ಕಳೆಯಿತು, ಎಂಟು ಸ್ಥಳಗಳಲ್ಲಿ ಒಂದರಿಂದಲೂ ಹೊಸ ವಿದ್ಯುತ್ತು ಬರಲಿಲ್ಲ. ೨೦೧೩ರಲ್ಲಿ ಅನುಮತಿ ಪಡೆದ ಹಿಂಕ್ಲಿ ಪಾಯಿಂಟಿನ ಹೊಸ ಸ್ಥಾವರವೂ ಕಟ್ಟಡದ ಹಂತದಲ್ಲಿಯೇ ಇದ್ದಿತು. ಎರಡನೆಯದು, ವಿದ್ಯುತ್ತಿನ ಅಗತ್ಯ. ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ೨೦೨೪ರ ಸೆಪ್ಟೆಂಬರ್ ೩೦ರಂದು ಮುಚ್ಚಿತು. ಹಳೆಯ ಪರಮಾಣು ಸ್ಥಾವರಗಳೂ ಮುದಿಯಾಗುತ್ತಿವೆ. ಮೂರನೆಯದು, ಸಣ್ಣ ರಿಯಾಕ್ಟರುಗಳು. ೨೦೧೧ರ ಪಟ್ಟಿಯನ್ನು ದೊಡ್ಡ ಸ್ಥಾವರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು. ಕಾರ್ಖಾನೆಯಲ್ಲಿ ಭಾಗಗಳನ್ನು ಮಾಡಿ ತಂದು ಜೋಡಿಸುವ ಸಣ್ಣ ರಿಯಾಕ್ಟರುಗಳಿಗೆ ಅದರಲ್ಲಿ ಎಡೆಯಿರಲಿಲ್ಲ.

ಸಣ್ಣದಕ್ಕೆ ಭೌತಶಾಸ್ತ್ರದ ಬೆಂಬಲವಿದೆಯೆ? ಸ್ವಲ್ಪಮಟ್ಟಿಗೆ ಇದೆ. ಶಾಖ ಹುಟ್ಟುವುದು ಗಾತ್ರದಲ್ಲಿ. ಅದು ಹೊರಹೋಗುವುದು ಮೇಲ್ಮೈಯಿಂದ. ಒಂದು ಗೋಳದ ವ್ಯಾಸವನ್ನು ಅರ್ಧಮಾಡಿದರೆ ಗಾತ್ರ ಎಂಟನೆಯ ಒಂದಕ್ಕೆ ಇಳಿಯುತ್ತದೆ, ಮೇಲ್ಮೈ ನಾಲ್ಕನೆಯ ಒಂದಕ್ಕೆ ಮಾತ್ರ ಇಳಿಯುತ್ತದೆ. ಗಾತ್ರದ ಪ್ರತಿ ಅಂಶಕ್ಕೂ ಮೊದಲಿಗಿಂತ ಎರಡರಷ್ಟು ಮೇಲ್ಮೈ ದೊರೆತಂತಾಯಿತು. ಪಂಪಿನ ನೆರವಿಲ್ಲದೆಯೂ ಉಳಿಕೆಯ ಶಾಖ ತಾನಾಗಿ ಹೊರಹೋಗುವ ಏರ್ಪಾಡು ಸಣ್ಣ ರಿಯಾಕ್ಟರಿನಲ್ಲಿ ಸುಲಭ. ಒಳಗಿರುವ ವಿಕಿರಣಪಟು ವಸ್ತುವೂ ಕಡಮೆ.

ಆದರೆ ಸಣ್ಣದೆಂಬ ಮಾತಿಗೆ ಮರುಳಾಗಬಾರದು. ಬ್ರಿಟನ್ ಆರಿಸಿಕೊಂಡ ರೋಲ್ಸ್ ರಾಯ್ಸ್ ಸಂಸ್ಥೆಯ ಸಣ್ಣ ರಿಯಾಕ್ಟರು ೪೭೦ ಮೆಗಾವ್ಯಾಟಿನದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಡಲಿನಿಂದ ಒಳಗೆ ಕಾಳೀ ನದಿಯ ಕದ್ರಾ ಜಲಾಶಯದ ಬಳಿ ನಡೆಯುತ್ತಿರುವ ನಾಲ್ಕು ಘಟಕಗಳು ತಲಾ ೨೨೦ ಮೆಗಾವ್ಯಾಟಿನವು. ಎಂದರೆ ಅವರ ಸಣ್ಣದು ನಮ್ಮ ಘಟಕದ ಎರಡರಷ್ಟಕ್ಕಿಂತಲೂ ದೊಡ್ಡದು! ಅಂಥ ಮೂರನ್ನು ಒಂದೇ ಕಡೆ ಇರಿಸಿದರೆ ಒಟ್ಟು ೧,೪೧೦ ಮೆಗಾವ್ಯಾಟ್ ಆಗುತ್ತದೆ. ಆಗ ಆ ನೆಲ ಹೊರಬೇಕಾದ ನೀರಿನ ಲೆಕ್ಕ ದೊಡ್ಡ ಸ್ಥಾವರದ ಲೆಕ್ಕವೇ.

ಇನ್ನೊಂದು ಮಾತು. ಕೆಲಸ ನಿಂತದ್ದಕ್ಕೆಲ್ಲ ಪಟ್ಟಿಯನ್ನೇ ದೂರುವುದು ನ್ಯಾಯವಲ್ಲ. ಸೆಲ್ಲಫೀಲ್ಡಿನ ಮಗ್ಗುಲಿನ ಯೋಜನೆಯನ್ನು ತೋಷಿಬಾ ಸಂಸ್ಥೆ ೨೦೧೮ರಲ್ಲಿಯೂ, ವಿಲ್ವಾದ ಯೋಜನೆಯನ್ನು ಹಿಟಾಚಿ ಸಂಸ್ಥೆ ೨೦೨೦ರಲ್ಲಿಯೂ ಕೈಬಿಟ್ಟವು. ಎರಡೂ ಪಟ್ಟಿಯಲ್ಲಿದ್ದ ನೆಲಗಳೇ. ಒದಗದೆ ಹೋದದ್ದು ಹಣ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಪಟ್ಟಿಯನ್ನು ಕೈಬಿಡುವುದಾಗಿ ಸಾರಿದ ಮೇಲೆ, ೨೦೨೫ರ ನವೆಂಬರ್ ತಿಂಗಳಲ್ಲಿ, ಮೊದಲ ಮೂರು ಸಣ್ಣ ರಿಯಾಕ್ಟರುಗಳಿಗೆ ಸರ್ಕಾರ ಗೊತ್ತುಮಾಡಿದ ಸ್ಥಳವೂ ಆ ವಿಲ್ವಾವೇ! ಒಳ್ಳೆಯ ನೆಲ ಪಟ್ಟಿ ಇದ್ದರೂ ಒಳ್ಳೆಯದು, ಇಲ್ಲದಿದ್ದರೂ ಒಳ್ಳೆಯದು.

ಪಟ್ಟಿ ಹೋದರೂ ಉಳಿಯುವ ಪ್ರಶ್ನೆಗಳು

ಹೊಸ ನೀತಿಯಲ್ಲಿ ಎಲ್ಲ ಕಾವಲೂ ಹೋಗಿಲ್ಲ. ಜನಸಾಂದ್ರತೆಯ ಮಿತಿಯನ್ನು ಕರಡಿನಲ್ಲಿ ಉಳಿಸಿಕೊಂಡಿದ್ದಾರೆ. ನೆರೆಹಾವಳಿ, ಸೈನ್ಯದ ನೆಲೆಗಳು, ರಕ್ಷಿತ ವನ್ಯಪ್ರದೇಶಗಳು ಇವುಗಳ ಪರಿಶೀಲನೆಯೂ ಇದೆ. ಸ್ಥಳದ ಅನುಮತಿಯ ಹೊರತು ಪರಮಾಣು ನಿಯಂತ್ರಣ ಕಚೇರಿಯ ಪರವಾನಗಿಯೂ, ಪರಿಸರ ಇಲಾಖೆಯ ಒಪ್ಪಿಗೆಯೂ ಬೇರೆಬೇರೆಯಾಗಿ ಬೇಕು. ಬದಲಾದುದು ಹೊಣೆಯ ಕ್ರಮ. ಹಿಂದೆ ಸರ್ಕಾರ ದೇಶವನ್ನೆಲ್ಲ ಜಾಲಾಡಿ ನೆಲವನ್ನು ಮೊದಲು ತೂಗುತ್ತಿದ್ದಿತು. ಕಟ್ಟುವವರು ಬಳಿಕ ಬರುತ್ತಿದ್ದರು. ಇನ್ನು ಕಟ್ಟುವವರೇ ನೆಲವನ್ನು ಆರಿಸಿ ತರುತ್ತಾರೆ. ತೂಗುವ ಕೆಲಸ ಬಳಿಕ ನಡೆಯುತ್ತದೆ.

ಈ ವ್ಯತ್ಯಾಸ ಅಲ್ಪವಲ್ಲ. ಪಟ್ಟಿಯಿದ್ದಾಗ, ತಮ್ಮ ಊರಿನ ಪಕ್ಕ ಸ್ಥಾವರ ಬರಬಹುದೆಂಬುದು ಎಂಟು ಕಡೆಯ ಜನರಿಗೆ ಮುಂಚೆಯೇ ತಿಳಿದಿದ್ದಿತು. ಉಳಿದವರಿಗೆ ಬರದೆಂಬುದೂ ತಿಳಿದಿದ್ದಿತು. ಇನ್ನು ಪರಮಾಣುವಿನ ಹೆಸರನ್ನೇ ಹತ್ತಿರದಿಂದ ಕೇಳದ ಹಳ್ಳಿಯವರು ಒಂದು ದಿನ ಆ ಪ್ರಸ್ತಾಪವನ್ನು ಎದುರಿಸಬೇಕಾದೀತು. ಅವರಿಗೆ ಉಳಿಕೆಯ ಶಾಖದ ಲೆಕ್ಕವನ್ನು ಬಿಡಿಸಿ ಹೇಳುವವರು ಯಾರು? ಕಟ್ಟುವವರು ಒಪ್ಪಿಸಿದ ಅಂಕಿಗಳನ್ನು ತಿರುಗಿ ಎಣಿಸುವವರು ಯಾರು? ಪಟ್ಟಿಯಿಂದ ಉಳಿತಾಯವಾದ ಕಾಲವನ್ನೂ ಹಣವನ್ನೂ ಈ ತೂಗುವ ಕೆಲಸಕ್ಕೆ, ಸ್ವತಂತ್ರರಾದ ಪರೀಕ್ಷಕರಿಗೆ ವಿನಿಯೋಗಿಸಿದರೆ ಹೊಸ ನೀತಿ ಹಳೆಯದಕ್ಕಿಂತ ಮೇಲಾದೀತು. ಅದನ್ನೂ ಅವಸರದಲ್ಲಿ ಮೊಟಕುಮಾಡಿದರೆ, ಫುಕುಶಿಮಾದ ದಿಬ್ಬವನ್ನು ಕಡಿದವರ ಮಿತವ್ಯಯವೇ ಇಲ್ಲಿಯೂ ನಡೆದಂತಾದೀತು.

ಆದುದರಿಂದ ಬಿಡುಗಡೆಯೆಂದವರ ಮಾತೂ ಕಾವಲು ಹೋಯಿತೆಂದವರ ಮಾತೂ ಅರ್ಧ ಸರಿಯೆಂದು ನಮಗೆ ತೋರುತ್ತದೆ. ಪಟ್ಟಿ ಎಂಬುದು ಒಂದು ಕಾಲದಲ್ಲಿ ಒಂದು ಬಗೆಯ ರಿಯಾಕ್ಟರಿಗಾಗಿ ಬರೆದಿಟ್ಟ ಉತ್ತರ. ಕಾಲವೂ ರಿಯಾಕ್ಟರೂ ಬದಲಾದಾಗ ಉತ್ತರವನ್ನು ಅಳಿಸುವುದರಲ್ಲಿ ತಪ್ಪಿಲ್ಲ, ಪ್ರಶ್ನೆಯನ್ನು ಅಳಿಸಬಾರದು. ಯಾವ ದೇಶದಲ್ಲಿ ಯಾವ ನೆಲಕ್ಕೆ ಸ್ಥಾವರ ಬರುವುದೆಂದು ಕೇಳಿದರೂ ನಮ್ಮ ವಿದ್ಯಾರ್ಥಿಗಳು ಮೂರು ಮಾತನ್ನು ವಿಚಾರಿಸಲಿ. ಎಲ್ಲ ವಿದ್ಯುತ್ತೂ ತಪ್ಪಿದ ರಾತ್ರಿ ಉಳಿಕೆಯ ಶಾಖ ಎಲ್ಲಿಗೆ ಹೋಗುತ್ತದೆ? ಗಾಳಿ ಬೀಸುವ ದಿಕ್ಕಿನಲ್ಲಿ ಯಾರು ವಾಸಿಸುತ್ತಾರೆ? ಈ ಎರಡಕ್ಕೂ ದೊರೆತ ಉತ್ತರವನ್ನು, ಕಟ್ಟುವವರಲ್ಲದ ಬೇರೊಬ್ಬರು ಪರೀಕ್ಷಿಸಿದ್ದಾರೆಯೆ?